ಅಳತೆಯಣ್ಣನ ಹೆಂಡತಿ ಆಕಾಶಕ್ಕೆ ಹೋದದ್ದು

ಅಳತೆಯಣ್ಣನ ಎದುರು ಯಾರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಕೆಟ್ಟ ಮನುಷ್ಯನೇನಲ್ಲ. ಬಾಯಿ ಸ್ವಲ್ಪ ಜೋರು, ಮನಸ್ಸು ಮೆತ್ತಗೆ. ಆದರೆ ಮೂವತ್ತೆಂಟು ವರ್ಷ ಪುರಸಭೆಯ ಸ್ಮಶಾನದಲ್ಲಿ ಗುಂಡಿ ತೋಡಿದವನಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಎದುರಿಗೆ ಬಂದವರನ್ನು ನೆತ್ತಿಯಿಂದ ಅಂಗಾಲಿನವರೆಗೆ ಒಮ್ಮೆ ನೋಡುತ್ತಿದ್ದ, ಅಷ್ಟೆ. ಅಷ್ಟರಲ್ಲಿ ಮನಸ್ಸಿನೊಳಗೆ ಅಡಿ, ಇಂಚು ಎರಡೂ ಸಿದ್ಧವಾಗಿರುತ್ತಿದ್ದವು. ಒಳಗೇ ಇಟ್ಟುಕೊಂಡಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮಗಳನ್ನು ನೋಡಲು ಬಂದ ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಈ ಮಹಾಶಯ, "ಆರಡಿ ಎರಡಿಂಚು, ಗುಂಡಿ ಉದ್ದದ್ದೇ ಬೇಕು," ಎಂದುಬಿಟ್ಟ. ಹುಡುಗ ಒಳ್ಳೆಯವನು, ನಕ್ಕ. ಅವನ ತಾಯಿ ನಗಲಿಲ್ಲ.

ಹೆಂಡತಿ ಮಾತ್ರ ಅವನ ಈ ಚಾಳಿಗೆ ಸೊಪ್ಪು ಹಾಕುತ್ತಿರಲಿಲ್ಲ. "ರೀ, ಅವರು ಊಟಕ್ಕೆ ಬಂದಿರೋದು, ಮಲಗೋಕಲ್ಲ," ಎಂದು ಗದರಿ ಸುಮ್ಮನಾಗಿಸುತ್ತಿದ್ದಳು. ಅವಳ ಅಳತೆ ಐದಡಿ ಒಂದಿಂಚು. ಸಾರ್ವಜನಿಕ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ಹೊಸ ರಟ್ಟು ಕಟ್ಟುವುದು ಅವಳ ಕೆಲಸ. ಕಟ್ಟಿದ ಪುಸ್ತಕವನ್ನು ಓದದೆ ಕಪಾಟಿಗೆ ಕಳಿಸಿದವಳಲ್ಲ. ಆಕಾಶನೌಕೆಯ ಕಥೆಗಳೆಂದರೆ ಪ್ರಾಣ. ಆ ಪುಸ್ತಕಗಳೇ ಹೆಚ್ಚು ಹರಿಯುವುದು, ಅದಕ್ಕೆ ನನ್ನ ಕೈಗೇ ಬರುತ್ತವೆ ಎನ್ನುತ್ತಿದ್ದಳು.

ಒಂದು ಸಂಜೆ ಊಟದ ಹೊತ್ತಿಗೆ ಅಂಥದ್ದೊಂದು ಕಥೆ ಹೇಳಿದಳು. ನೌಕೆಯ ಅಡುಗೆಯವನು ಸತ್ತುಹೋಗುತ್ತಾನೆ. ಜೊತೆಯವರು ಅವನನ್ನು ದುಪ್ಪಟಿಯಲ್ಲಿ ಸುತ್ತಿ, ಬಾಗಿಲು ತೆರೆದು, ಹೊರಗಿನ ಕತ್ತಲೆಗೆ ಮೆಲ್ಲಗೆ ತಳ್ಳುತ್ತಾರೆ. ಅಳತೆಯಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಆಮೇಲೆ?"

"ಆಮೇಲೇನು, ಹೋಗ್ತಾನೇ ಇರ್ತಾನೆ."

"ಎಲ್ಲೂ ನಿಲ್ಲಲ್ವಾ?"

"ನಿಲ್ಲಲ್ಲ."

"ಅಯ್ಯೋ ಪಾಪ! ಸತ್ತ ಮೇಲಾದ್ರೂ ಒಂದು ಕಡೆ ಬೆನ್ನು ಊರೋದು ಬೇಡ್ವೇನೆ?"

"ಪಾಪ ಯಾಕೆ? ಬದುಕಿದ್ದಾಗ ಒಲೆ ಮುಂದೆ ನಿಂತು ಸಾಕಾಗಿತ್ತು, ಈಗ ಸುತ್ತಾಡ್ತಿದ್ದಾನೆ," ಎಂದು ನಕ್ಕು ಅವಳು ತಟ್ಟೆ ಎತ್ತಿದಳು. ಅವನಿಗೆ ಆ ರಾತ್ರಿ ಆ ಅಡುಗೆಯವನದೇ ಚಿಂತೆ.

ಐದೂವರೆ ವರ್ಷದ ಹಿಂದೆ ಅವಳ ಶ್ವಾಸಕೋಶಕ್ಕೆ ರೋಗ ಬಂತು. ವೈದ್ಯರು ಅಳತೆಯಣ್ಣನನ್ನು ಪಕ್ಕಕ್ಕೆ ಕರೆದು ಎರಡು ತಿಂಗಳು ಎಂದರು. ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚು ಹಿಡಿದು ಕೂತ. ಅಳುವುದಕ್ಕೂ ಬರಲಿಲ್ಲ. ಮನುಷ್ಯನಿಗೆ ದಿಕ್ಕು ತೋಚದಾಗ ಕೈ ತನಗೆ ಗೊತ್ತಿದ್ದ ಕೆಲಸಕ್ಕೆ ಹೋಗುತ್ತದೆ. ಅಡುಗೆಯವನಾಗಿದ್ದರೆ ಗಂಜಿ ಕಾಯಿಸುತ್ತಿದ್ದ, ದರ್ಜಿಯಾಗಿದ್ದರೆ ಅಂಗಿ ಹೊಲಿಯುತ್ತಿದ್ದ. ಇವನು ಗುಂಡಿ ತೋಡುವವನು.

ಅದರಲ್ಲಿ ಅವನ ಮಟ್ಟಿಗೆ ವಿಚಿತ್ರವೇನೂ ಇರಲಿಲ್ಲ. ಬೇಸಿಗೆಯಲ್ಲಿ ಆ ನೆಲ ಕಲ್ಲಾಗುತ್ತದೆ. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಆದ್ದರಿಂದ ಮಣ್ಣು ಮೆತ್ತಗಿರುವಾಗಲೇ ನಾಲ್ಕೈದು ಗುಂಡಿ ತೋಡಿ, ಹಲಗೆ ಮುಚ್ಚಿಡುವುದು ಅಲ್ಲಿಯ ಪದ್ಧತಿ. ಎಲ್ಲವೂ ಒಂದೇ ಅಳತೆ, ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಯಾರಿಗೆ ಎಂದಿಲ್ಲ, ಮೊದಲು ಬಂದವರಿಗೆ. ಹೆಂಡತಿಗೆಂದು ಅವನು ತೋಡಿದ್ದು ಆ ಅಳತೆಯದಲ್ಲ. ಪೂರ್ವದ ಗೋಡೆಯ ಪಕ್ಕ, ಬೇರು ಕಲ್ಲು ಇಲ್ಲದ ಜಾಗ ಹುಡುಕಿದ. ಉದ್ದ ಕಡಿಮೆ ಮಾಡಿದ, ಅಗಲ ಹೆಚ್ಚಿಸಿದ. ಯಾಕೆಂದರೆ ಅವಳು ಎಡಮಗ್ಗುಲಾಗಿ, ಮಂಡಿ ಎರಡನ್ನೂ ಎದೆಗೆ ಎಳೆದುಕೊಂಡು ಮಲಗುವವಳು. ಮಂಡಿ ನೋವಿದ್ದ ಕಾಲಿಗೆ ಚಾಚುವುದೆಂದರೆ ಆಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಹಾಗೆ ಮಲಗಿದವಳನ್ನು ಕೊನೆಗೆ ನೆಟ್ಟಗೆ ಚಾಚಿಸಿ ಹಿಂಸೆ ಕೊಡುವುದು ಅವನಿಗೆ ಬೇಡವಾಗಿತ್ತು. ಬೇರೆಯವರ ಕೈ ಅದಕ್ಕೆ ತಾಗಬಾರದು ಎಂದು ಒಬ್ಬನೇ ಒಂಬತ್ತು ದಿನ ತೋಡಿದ. ಬದಿಗಳನ್ನು ಕೈಯಿಂದ ಸವರಿ ನಯ ಮಾಡಿದ. ರಿಜಿಸ್ಟರಿನಲ್ಲಿ ಗುಮಾಸ್ತರಿಂದ ಆ ಜಾಗದ ಮುಂದೆ 'ಬಂಡೆ ಇದೆ' ಎಂದು ಬರೆಸಿದ. ಆಯುಸ್ಸಿನಲ್ಲಿ ಅವನು ಹೇಳಿಸಿದ ಸುಳ್ಳು ಅದೊಂದೇ ಇರಬೇಕು.

ಆದರೆ ಅವಳು ಸಾಯಲಿಲ್ಲ! ಹೊಸ ಔಷಧಿ ಕೈ ಹಿಡಿಯಿತು. ವೈದ್ಯರೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕಣ್ಣು ಕಣ್ಣು ಬಿಟ್ಟರು. ನಾಲ್ಕು ತಿಂಗಳಿಗೆ ಅವಳು ಅಂಟಿನ ಡಬ್ಬಿಯ ಮುಂದೆ ಮತ್ತೆ ಕೂತಳು. ಅಳತೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂತೋಷಕ್ಕೆ ಕಂಡಕಂಡವರ ಅಳತೆಯನ್ನು ಜೋರಾಗಿಯೇ ಹೇಳಿ ಬೈಸಿಕೊಂಡ.

ಗುಂಡಿ ಹಾಗೇ ಉಳಿಯಿತು. ಮುಚ್ಚಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗುಂಡಿ ತೋಡುವವರಲ್ಲಿ ಒಂದು ಹಟ ಇದೆ. ತೋಡಿದ ಗುಂಡಿಯನ್ನು ಖಾಲಿ ಮುಚ್ಚಬಾರದು. ಮುಚ್ಚಿದರೆ ಅದು ತೋಡಿದವನ ಮನೆಯವರನ್ನೇ ಬಲಿ ಕೇಳುತ್ತದೆ ಎಂದು ನಂಬಿದವರು ಅವರು. ನಂಬಿಕೆಯೋ ಮಣ್ಣೋ, ಸಾವಿನ ಬಾಯಿಂದ ಹೆಂಡತಿ ಎದ್ದು ಬಂದಿರುವಾಗ ಯಾವ ಗಂಡ ಪರೀಕ್ಷೆ ಮಾಡಿ ನೋಡುತ್ತಾನೆ? ಅವನು ಅದನ್ನು ತೆರೆದೇ ಇಟ್ಟ. ಕುಸಿಯದಂತೆ ಬದಿಗೆ ಹಲಗೆ ಕೊಟ್ಟ, ಮಳೆ ಬಂದಾಗಲೆಲ್ಲ ನೀರು ಮೊಗೆದು ಹಾಕಿದ. ಗುಂಡಿ ತೆರೆದಿರುವವರೆಗೆ ಅವಳಿಗೆ ಏನೂ ಆಗದು ಎಂಬ ಧೈರ್ಯ ಅವನಿಗೆ. ಮನೆಯಲ್ಲಿ ಮಾತ್ರ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಆ ದಿನಗಳಲ್ಲೇ ಅವನಿಗೆ ಇನ್ನೊಂದು ಖುಷಿ. ಚೇತರಿಸಿಕೊಂಡ ಮೇಲೆ ಅವಳು ಕಾಲು ನೀಟಾಗಿ ಚಾಚಿಕೊಂಡು, ಅಂಗಾತ ಮಲಗತೊಡಗಿದ್ದಳು. ಮರುತಪಾಸಣೆಗೆ ಹೋದಾಗ ಅವನು ವೈದ್ಯರಿಗೆ ಎದೆಯುಬ್ಬಿಸಿ ಹೇಳಿದ, "ಡಾಕ್ಟ್ರೇ, ನಿಮ್ಮ ಔಷಧಿಗೆ ಮಂಡಿ ನೋವೂ ಓಡಿಹೋಯ್ತು!" ವೈದ್ಯರು ಹುಬ್ಬೇರಿಸಿದರು. ಅವಳು ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಹೀಗೆ ಐದು ವರ್ಷ ಕಳೆಯಿತು. ಮೊನ್ನೆ ಮೊನ್ನೆ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಗ್ರಂಥಾಲಯದ ಮೇಜಿನ ಮುಂದೆ ಕುಂಚ ಕೈಯಲ್ಲಿದ್ದಂತೆಯೇ ಅವಳ ಹೃದಯ ನಿಂತುಹೋಯಿತು. ಶ್ವಾಸಕೋಶದ ಮಾತೇ ಇಲ್ಲ. ಸುದ್ದಿ ಬಂದಾಗ ಅಳತೆಯಣ್ಣನಿಗೆ ಗರ ಬಡಿದಂತಾಯಿತು. ಆಸ್ಪತ್ರೆಯಲ್ಲಿ ಮುಖ ನೋಡಿದ, ಮಗಳ ತಲೆ ಸವರಿದ, ನೆಟ್ಟಗೆ ಸ್ಮಶಾನಕ್ಕೆ ನಡೆದ. ಹಲಗೆ ಸರಿಸಿ ಗುಂಡಿಗೆ ಇಳಿದ. ಐದು ವರ್ಷ ಕಾದ ಗುಂಡಿ. ಎಲ್ಲೋ ಒಂದು ಹುಲ್ಲಿನ ಬೇರು ಇಣುಕಿತ್ತು, ಅದನ್ನು ಕಿತ್ತ. ತಲೆ ಬರುವ ಕಡೆ ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡುತ್ತಿದ್ದ. ಅಳು ಬರುತ್ತಿತ್ತು, ಆದರೆ ಕೈಗೆ ಕೆಲಸವಿತ್ತಲ್ಲ, ಅಷ್ಟೇ ಸಮಾಧಾನ.

ಮೇಲೆ ಮಗಳು ಬಂದು ನಿಂತಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಗಟ್ಟಿ ಹೆಣ್ಣು. ಕೈಯಲ್ಲೊಂದು ಲಕೋಟೆ ಹಿಡಿದಿದ್ದಳು.

"ಅಪ್ಪ, ಮೇಲೆ ಬಾ."

"ಇನ್ನೊಂದು ಚೂರಿದೆಯಮ್ಮ."

"ಅಪ್ಪ, ಬೇಡ. ಅಮ್ಮನ್ನ ಇಲ್ಲಿ ಇಡೋ ಹಾಗಿಲ್ಲ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಅಲ್ಲೇ ನಿಂತು ಓದಿದಳು. ತಾಯಿಯ ಕೈಬರಹ, ಮೂರೇ ಸಾಲು. ನನ್ನನ್ನು ಹೂಳಬೇಡಿ. ಚಿತಾಗಾರದಲ್ಲಿ ಸುಟ್ಟು, ಒಂದು ಗ್ರಾಂ ಬೂದಿಯನ್ನು ಆಕಾಶಕ್ಕೆ ಕಳಿಸಿ, ಏರ್ಪಾಡೆಲ್ಲ ಆಗಿದೆ, ವಿಳಾಸ ಹಿಂದಿದೆ. ಉಳಿದದ್ದು ನಮ್ಮ ಯಜಮಾನರಿಗೆ ಬಿಟ್ಟದ್ದು.

ಸ್ಮಶಾನದಲ್ಲಿ ಮೂವತ್ತೆಂಟು ವರ್ಷದಲ್ಲಿ ಅಳತೆಯಣ್ಣ ಕೇಳದ ಮಾತಿರಲಿಲ್ಲ, ನೋಡದ ಗೋಳಿರಲಿಲ್ಲ. ಈ ಮೂರು ಸಾಲಿಗೆ ಅವನು ಗುಂಡಿಯೊಳಗೇ ಕುಸಿದು ಕೂತ. ಏಣಿ ಎದುರಿಗಿದ್ದರೂ ಹತ್ತುವುದು ಹೇಗೆಂದು ಮರೆತವನಂತೆ ಅದನ್ನು ನೋಡಿದ.

"ಆಕಾಶಕ್ಕಾ?" ಎಂದ. "ನಮ್ಮ ಆಕಾಶಕ್ಕಾ?"

ಮೊದಲು ಅವನ ಸಿಟ್ಟು ತಿರುಗಿದ್ದು ಒಲೆಯಣ್ಣನ ಮೇಲೆ. ಅದೇ ಸ್ಮಶಾನದ ಇನ್ನೊಂದು ಬದಿಯಲ್ಲಿ ವಿದ್ಯುತ್ ಚಿತಾಗಾರ ನಡೆಸುವವನು ಅವನು. ಇಬ್ಬರಿಗೂ ಇಪ್ಪತ್ತು ವರ್ಷದ ಸ್ನೇಹ, ಇಪ್ಪತ್ತು ವರ್ಷದ ಜಗಳ. "ನಿಂದು ಗುಂಡಿ ಒತ್ತೋ ಕೆಲಸ," ಎಂದು ಇವನು ಮೂಗು ಮುರಿದರೆ, "ನಿಂದೂ ಗುಂಡಿ ಕೆಲಸಾನೇ, ಬೆನ್ನು ನೋವು ಮಾತ್ರ ಹೆಚ್ಚು," ಎಂದು ಅವನು ಕಿಚಾಯಿಸುತ್ತಿದ್ದ.

"ನನ್ನ ಹೆಂಡ್ತಿ ತಲೆ ಕೆಡಿಸಿದ್ದು ನೀನೇ ಅಲ್ವೇನೋ?" ಎಂದು ಅಳತೆಯಣ್ಣ ಅವನ ಕೊರಳಪಟ್ಟಿ ಹಿಡಿದ. ಒಲೆಯಣ್ಣ ಕಾಗದ ಓದಿದ, ಎರಡನೇ ಸಲ ಓದಿದ, ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. "ಅತ್ತಿಗೆ ಹೀಗೆ ಬರೆದಿದ್ದಾರಾ? ನಂಗೇನು ಗೊತ್ತಪ್ಪಾ!" ಎಂದ. ಅವನ ಕಣ್ಣಲ್ಲಿ ನೀರು ಕಂಡ ಮೇಲೆ ಅಳತೆಯಣ್ಣ ಕೊರಳಪಟ್ಟಿ ಬಿಟ್ಟ.

ಮಾರನೆಯ ದಿನ ಅವನು ಆಯುಸ್ಸಿನಲ್ಲಿ ಮೊದಲ ಸಲ ಚಿತಾಗಾರದ ಒಳಗೆ ಕಾಲಿಟ್ಟ. ಕಬ್ಬಿಣದ ಬಾಗಿಲು ಇಳಿದಾಗ ಕಿವಿ ಮುಚ್ಚಿಕೊಂಡ.

ಒಂದು ವಾರದ ಮೇಲೆ ಅಪ್ಪ ಮಗಳು ಆ ವಿಳಾಸಕ್ಕೆ ಹೋದರು. ಬಟ್ಟೆ ಅಂಗಡಿಯ ಮೇಲಿನ ಎರಡನೇ ಮಹಡಿ, ಗಾಜಿನ ಬಾಗಿಲು, ಬಿಳಿ ಕೋಟು ಹಾಕಿದ ಒಬ್ಬ ಯುವತಿ. ಬಾಗಿಲಲ್ಲೇ ಅವನ ಕಣ್ಣು ಐದಡಿ ನಾಲ್ಕಿಂಚು ಎಂದಿತು, ಬಾಯಿ ಸುಮ್ಮನಿತ್ತು. ಯುವತಿ ಮೇಜಿನ ಮೇಲೆ ಒಂದು ಲೋಹದ ಕೊಳವೆ ಇಟ್ಟಳು. ಕಿರುಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು.

"ಇದು ಏನಮ್ಮ?"

"ಇದರಲ್ಲೇ ಅವರು ಹೋಗೋದು."

ಅಳತೆಯಣ್ಣ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತುಬಿಟ್ಟ. ಐದಡಿ ಒಂದಿಂಚಿನ ಹೆಂಗಸು. ಅವಳು ಬಾಗಿಲಲ್ಲಿ ನಿಂತರೆ ಮನೆ ತುಂಬುತ್ತಿತ್ತು. ಯುವತಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಸಣ್ಣ ಚಮಚದಿಂದ ಬೂದಿ ಇಟ್ಟು, ಒಂದು ಗ್ರಾಂ ಬಂದ ಕೂಡಲೇ ಕೈ ನಿಲ್ಲಿಸಿದಳು.

"ಸಾಕಾ?" ಎಂದ ಅವನು, ಹೌಹಾರಿ. "ಅಷ್ಟೇನಾ? ಡಬ್ಬಿ ಪೂರ್ತಿ ಹಾಗೇ ಇದೆಯಲ್ಲಮ್ಮ!"

"ಉಳಿದದ್ದು ನಿಮಗೇ, ಅಂಕಲ್."

"ಈಗ ಹಾಕಿದ್ರಲ್ಲ, ಅದು ಅವಳ ಯಾವ ಭಾಗ? ಕೈಯಾ, ಕಾಲಾ?"

ಯುವತಿ ಮಗಳ ಮುಖ ನೋಡಿದಳು. ಮಗಳು ಕಿಟಕಿ ನೋಡಿದಳು. ಪಾಪದ ಯುವತಿ ಅವನಿಗೆ ಸಮಾಧಾನವಾಗಲಿ ಎಂದು, ಇದು ಇವತ್ತಿನದಲ್ಲ, ಸುಮಾರು ಮೂವತ್ತು ವರ್ಷದಿಂದ ಜನ ಹೀಗೆ ಹೋಗುತ್ತಿದ್ದಾರೆ, ಚಂದ್ರನ ಮೇಲೂ ಒಬ್ಬರ ಬೂದಿ ಇದೆ ಎಂದಳು. ಅವನಿಗೆ ಸಮಾಧಾನದ ಬದಲು ಇನ್ನಷ್ಟು ತಲೆ ಗಿರ್ರೆಂದಿತು. ಇಷ್ಟು ವರ್ಷ ಅವನು ತಲೆ ಬಗ್ಗಿಸಿ ತೋಡುತ್ತಿದ್ದಾಗ ಮೇಲೆ ಇನ್ನೊಂದು ಸ್ಮಶಾನ ಏಳುತ್ತಿತ್ತೇ? ಒಬ್ಬರೂ ಹೇಳಲಿಲ್ಲವಲ್ಲ!

"ಅಲ್ಲಿ ಹೋಗಿ ಏನ್ಮಾಡ್ತಾಳೆ?"

"ಭೂಮಿ ಸುತ್ತ ಸುತ್ತುತ್ತಾರೆ. ಒಂದೂವರೆ ಗಂಟೆಗೆ ಒಂದು ಸುತ್ತು. ಮೂರು ನಾಲ್ಕು ವರ್ಷ ಆದ್ಮೇಲೆ ಕೆಳಗಿಳೀತಾ ಇಳೀತಾ ಗಾಳಿಯಲ್ಲೇ ಉರಿದುಹೋಗುತ್ತೆ. ಬೀಳೋ ನಕ್ಷತ್ರದ ಥರ."

"ಮತ್ತೆ ಸುಡೋದಾ?" ಅವನ ದನಿ ಕೋಣೆಯ ಗಾಜಿಗೆ ಬಡಿಯಿತು. "ಒಂದು ಸಲ ಸುಟ್ಟಿದ್ದು ಸಾಲದಾ? ನೆಲಕ್ಕೆ ಏನೂ ಬರಲ್ವಾ?"

"ಏನೂ ಬರಲ್ಲ, ಅಂಕಲ್."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೇಳಿದ, "ಯಾಕಂತೆ? ನಾನೇನು ಕಡಿಮೆ ಮಾಡಿದ್ದೆ? ನಿನಗೆ ಗೊತ್ತಿದ್ರೆ ಹೇಳೇ." ಮಗಳು, "ಅದು ಹಾರಲಿ ಅಪ್ಪ, ಆಮೇಲೆ ಹೇಳ್ತೀನಿ. ಅಮ್ಮ ಹಾಗೇ ಮಾತು ತಗೊಂಡಿದ್ದಾಳೆ," ಎಂದಳು. ಅವನು ಮತ್ತೆ ಕೇಳಲಿಲ್ಲ. ಆದರೆ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡ. ಒಂದು ಗ್ರಾಂ ಅವಳ ಹಟಕ್ಕೆ ಹೋಗಲಿ. ಉಳಿದದ್ದು ನನಗೆ ಬಿಟ್ಟದ್ದು ಎಂದು ಅವಳೇ ಬರೆದಿದ್ದಾಳೆ. ಡಬ್ಬಿಯನ್ನು ಆ ಗುಂಡಿಯಲ್ಲಿಟ್ಟು ಮುಚ್ಚಿದರೆ ಗುಂಡಿಯೂ ಖಾಲಿ ಹೋಗಲಿಲ್ಲ, ಅವಳೂ ಪೂರ್ತಿ ಕೈಬಿಟ್ಟು ಹೋಗಲಿಲ್ಲ.

ಹಾರುವ ದಿನ ಬೆಳಗಿನ ಹತ್ತು ಗಂಟೆ. ಅವನು ಡಬ್ಬಿ, ಸಲಿಕೆ ಎರಡನ್ನೂ ತಂದು ಗುಂಡಿಯ ಪಕ್ಕದಲ್ಲಿಟ್ಟಿದ್ದ. ಮಗಳು ಮೊಬೈಲನ್ನು ಮಣ್ಣಿನ ರಾಶಿಗೆ ಒರಗಿಸಿದಳು. ಅಂಗೈಯಗಲದ ಪರದೆಯಲ್ಲಿ ಬೆಂಕಿ ಕಾಣಿಸಿತು, ಹೊಗೆ ಕಾಣಿಸಿತು, ಒಂದು ಬಿಳಿ ಕಡ್ಡಿ ಮೇಲೆ ಏರಿತು, ಸಣ್ಣದಾಯಿತು, ಇಲ್ಲವಾಯಿತು. ಅಳತೆಯಣ್ಣ ತಲೆ ಎತ್ತಿ ನಿಜವಾದ ಆಕಾಶ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಹೋದಳಾ?"

"ಹೋದಳು ಅಪ್ಪ."

"ಈಗ ಹೇಳು."

ಮಗಳು ಮಣ್ಣಿನ ರಾಶಿಯ ಮೇಲೆ ಕೂತಳು. "ಅಮ್ಮ ಹುಷಾರಾದ ಹೊಸದರಲ್ಲಿ, ನೀನು ಒಂದಿನ ಕನ್ನಡಕ ಮರೆತು ಬಂದಿದ್ದೆ. ಕೊಡೋಕೆ ಅಂತ ಬಂದಳಂತೆ. ನೀನು ಆ ಕಡೆ ನಲ್ಲಿ ಹತ್ರ ಇದ್ದೆ. ಈ ಹಲಗೆ ಸರಿದಿತ್ತು."

ಅಳತೆಯಣ್ಣ ಹಲಗೆಯ ಕಡೆ ತಿರುಗಿದ.

"ಗಿಡ್ಡ, ಅಗಲ. ನೋಡಿದ ಕೂಡಲೇ ತನ್ನದೇ ಅಂತ ಗೊತ್ತಾಯ್ತಂತೆ. ಏಣಿ ಅಲ್ಲೇ ಇತ್ತು. ಇಳಿದು, ಎಡಮಗ್ಗುಲಾಗಿ, ಮಂಡಿ ಮಡಚಿ ಮಲಗಿ ನೋಡಿದಳಂತೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. 'ಯಾವ ದರ್ಜಿ ಹೊಲಿದ ರವಿಕೇನೂ ನನಗೆ ಇಷ್ಟು ಸರಿ ಕೂತಿರಲಿಲ್ಲ ಕಣೇ,' ಅಂತ ನಗ್ತಾನೇ ಹೇಳಿದಳು ಅಪ್ಪ."

"ನಾನು... ಡಾಕ್ಟ್ರು ಎರಡು ತಿಂಗಳು ಅಂದಿದ್ರು. ನನಗೆ ಬೇರೆ ಏನು ಮಾಡೋಕೆ ಬರ್ತಿತ್ತು?"

"ಅದೂ ಅವಳಿಗೆ ಗೊತ್ತಿತ್ತು. ಕೋಪ ಇಲ್ಲ ಅಂದಳು. ಭಯ ಅಂದಳು. 'ನಾನು ಬದುಕಿ ಬಂದೆ, ಆದರೂ ಅದು ಬಾಯಿ ತೆರ್ಕೊಂಡು ಕೂತಿದೆ, ಇವರು ಅದಕ್ಕೆ ನೀರು ಬೀಳದ ಹಾಗೆ ಕಾಯ್ತಿದ್ದಾರೆ. ಇವರು ನನ್ನ ಕಡೆ ನೋಡಿದಾಗೆಲ್ಲ ಇಂಚು ಎಣಿಸ್ತಿದ್ದಾರೆ ಅನ್ಸುತ್ತೆ. ಗುದ್ದಲಿ ಎಟುಕದ ಕಡೆ ಹೋಗ್ತೀನಿ,' ಅಂದಳು. ನಿನಗೆ ನೋವಾಗುತ್ತೆ ಅಂತ ನಿನ್ನ ಹತ್ರ ಆಡಲಿಲ್ಲ."

ಅವನಿಗೆ ಹೇಳಬೇಕಾದದ್ದು ಎಷ್ಟೋ ಇತ್ತು. ಮುಚ್ಚಿದರೆ ಅವಳನ್ನೇ ಕೇಳುತ್ತದೆಂದು ತಾನು ತೆರೆದಿಟ್ಟಿದ್ದು, ಕಾದದ್ದು ಅವಳ ಸಾವನ್ನಲ್ಲ ಎಂದು. ಯಾರಿಗೆ ಹೇಳುವುದು? ಕೇಳಬೇಕಾದವಳು ಒಂದೂವರೆ ಗಂಟೆಗೊಮ್ಮೆ ನೆತ್ತಿಯ ಮೇಲೆ ಹಾದುಹೋಗಲು ಹೊರಟಿದ್ದಳು. ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು.

"ಕನ್ನಡಕ ತಂದ ದಿನ ಯಾವುದೇ? ತಪಾಸಣೆಗೆ ಹೋದದ್ದಕ್ಕಿಂತ ಮುಂಚೆಯಾ?"

"ಮುಂಚೇನೇ. ಒಂದು ವಾರ ಇರಬೇಕು. ಯಾಕಪ್ಪ?"

ಅವನು ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ನೋಡಿದ. ಗಿಡ್ಡ, ಅಗಲ, ಮಂಡಿ ಮಡಚಿದವಳ ಅಳತೆ. ಆ ವಾರದಿಂದಲೇ ಅವಳು ಕಾಲು ಚಾಚಿ ಮಲಗಿದ್ದು. ಐದು ವರ್ಷ, ಪ್ರತಿ ರಾತ್ರಿ, ಅವನ ಪಕ್ಕದಲ್ಲೇ, ಈ ಗುಂಡಿಯಲ್ಲಿ ಹಿಡಿಸದ ಹಾಗೆ. ಬೆಳಿಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತು ಅವಳು ಮಂಡಿ ಉಜ್ಜಿಕೊಳ್ಳುತ್ತಿದ್ದದ್ದನ್ನು ಅವನು ನೋಡಿದ್ದ. ಅಭ್ಯಾಸಬಲ ಅಂದುಕೊಂಡಿದ್ದ.

ಡಬ್ಬಿಯನ್ನು ಎತ್ತಿ ಮಗಳ ಕೈಗಿಟ್ಟ. "ನಿನ್ನ ಮನೆಗೆ ಒಯ್ಯಿ. ಪುಸ್ತಕದ ಕಪಾಟಿನಲ್ಲಿ, ಮೇಲಿನ ಹಲಗೆಯಲ್ಲಿಡು. ನೆಲಕ್ಕಿಡಬೇಡ," ಎಂದ. ಆಮೇಲೆ ಸಲಿಕೆ ತೆಗೆದುಕೊಂಡು ಗುಂಡಿಗೆ ಮಣ್ಣು ಎಳೆಯತೊಡಗಿದ.

ಸದ್ದು ಕೇಳಿ ಒಲೆಯಣ್ಣ ಆ ಬದಿಯಿಂದ ಓಡಿ ಬಂದ. ಒಳಗೆ ಬಗ್ಗಿ ನೋಡಿ ಗಾಬರಿಯಾದ. "ಏನೋ ಇದು, ಖಾಲಿ ಮುಚ್ತಿದ್ದೀಯಲ್ಲ! ಮನೆಯವರನ್ನ ಕೇಳುತ್ತೆ ಅಂತ ನೀನೇ ಹೇಳ್ತಿದ್ದೆ."

"ಕೇಳಿದ್ರೆ ನಾನಿದ್ದೀನಿ," ಎಂದ ಅಳತೆಯಣ್ಣ. ಇನ್ನೂ ನಾಲ್ಕು ಸಲಿಕೆ ಮಣ್ಣು ಹಾಕಿದ. ಐದನೆಯದಕ್ಕೆ ಕೈ ನಿಂತಿತು.

"ಅವಳ ಮಂಡಿ ವಾಸಿ ಆಗಿರಲಿಲ್ಲ ಕಣೋ," ಎಂದ.

ಒಲೆಯಣ್ಣನಿಗೆ ಅರ್ಥವಾಗಲಿಲ್ಲ. ಶೆಡ್ಡಿನಿಂದ ಇನ್ನೊಂದು ಸಲಿಕೆ ತಂದು ಎದುರು ಬದಿಗೆ ನಿಂತ.